ಖಿನ್ನತೆಯಲ್ಲಿರುವ ತಮ್ಮನಿಗೆ ಮನೆಯವರೆಲ್ಲರೂ ಸೇರಿ ಆಸರೆಯಾಗುವುದು ಹೇಗೆ?

ಪ್ರಶ್ನೆ: ಹಿರಿಯಕ್ಕ

ಎಲ್ಲರಿಗೂ ನಮಸ್ಕಾರ.

ನನ್ನ ತಮ್ಮನಿಗೆ 23 ವರ್ಷ. ಕೆಲವು ತಿಂಗಳುಗಳಿಂದ ಅವನು ಯಾರೊಂದಿಗೂ ಸರಿಯಾಗಿ ಮಾತನಾಡುತ್ತಿರಲಿಲ್ಲ. ಬೆಳಗಿನ ಜಾವಕ್ಕೇ ಎಚ್ಚರಗೊಂಡು, ಏಳಲಾರದೆ ಹಾಸಿಗೆಯಲ್ಲೇ ಹೊತ್ತು ಕಳೆಯುತ್ತಿದ್ದ. ಇಷ್ಟಪಟ್ಟು ಮಾಡುತ್ತಿದ್ದ ಯಾವ ಕೆಲಸದಲ್ಲಿಯೂ ಅವನಿಗೆ ಆಸಕ್ತಿ ಉಳಿದಿರಲಿಲ್ಲ. ಕೊನೆಗೆ ಅವನೇ ಒಪ್ಪಿ ಮನೋವೈದ್ಯರನ್ನು ಕಂಡ. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಮತ್ತು ರಕ್ತಹೀನತೆಯ ತೊಂದರೆಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಇದು ಖಿನ್ನತೆ ಎಂದು ಹೇಳಿ ಮಾತ್ರೆ ಆರಂಭಿಸಿದ್ದಾರೆ. ಆಪ್ತಸಮಾಲೋಚನೆಗೂ ಹೋಗುವಂತೆ ಸೂಚಿಸಿದ್ದಾರೆ.

ಚಿಕಿತ್ಸೆಯ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಚಿಂತೆ ಮನೆಯ ಒಳಗಿನದು. ನಾವು ಮೂವರೂ ಅವನನ್ನು ಪ್ರೀತಿಸುತ್ತೇವೆ, ಆದರೆ ಮೂವರ ನಡೆಯೂ ಮೂರು ದಿಕ್ಕಿಗಿದೆ. ಅಪ್ಪ ದಿನಕ್ಕೊಮ್ಮೆಯಾದರೂ "ಮನಸ್ಸು ಗಟ್ಟಿ ಮಾಡಿಕೋ, ನಿನ್ನ ವಯಸ್ಸಿನಲ್ಲಿ ನಾವು ಎಷ್ಟು ಕಷ್ಟ ಕಂಡಿದ್ದೇವೆ" ಎನ್ನುತ್ತಾರೆ. ಅಮ್ಮ ಅವನನ್ನು ಒಂದು ಕ್ಷಣವೂ ಕಣ್ಣಿನಿಂದ ಮರೆಯಾಗಲು ಬಿಡುವುದಿಲ್ಲ. ಮಾತ್ರೆಯನ್ನು ತಾವೇ ಬಾಯಿಗೆ ಕೊಡುತ್ತಾರೆ, ರಾತ್ರಿ ಎರಡು ಮೂರು ಬಾರಿ ಎದ್ದು ಅವನ ಕೋಣೆಯ ಬಾಗಿಲು ತೆರೆದು ನೋಡುತ್ತಾರೆ. ನಾನು ಇಬ್ಬರ ನಡುವೆ ನಿಂತು, ಅಪ್ಪನಿಗೆ ಅಮ್ಮನ ಪರವಾಗಿಯೂ ಅಮ್ಮನಿಗೆ ಅಪ್ಪನ ಪರವಾಗಿಯೂ ಮಾತನಾಡುತ್ತಾ ದಣಿದಿದ್ದೇನೆ. ತಮ್ಮನಂತೂ "ನನ್ನಿಂದ ನಿಮಗೆಲ್ಲ ತೊಂದರೆ" ಎಂದು ಮತ್ತಷ್ಟು ಒಳಗೆ ಸರಿಯುತ್ತಿದ್ದಾನೆ.

ವೈದ್ಯರು ಮಾಡಬೇಕಾದ್ದನ್ನು ವೈದ್ಯರು ಮಾಡುತ್ತಾರೆ. ಕುಟುಂಬವಾಗಿ ನಾವು ಮಾಡಬೇಕಾದ್ದು ಏನು, ಮಾಡಬಾರದ್ದು ಏನು? ಅನುಭವವಿರುವವರು, ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ದಯವಿಟ್ಟು ತಿಳಿಸಿ.

ಉತ್ತರ: ಸಮಾಜಕಾರ್ಯಕರ್ತೆ (ಮನೋವೈದ್ಯಕೀಯ ವಿಭಾಗ)

ಹಿರಿಯಕ್ಕ ಅವರೇ, ನೀವು ಕೇಳಿರುವ ಪ್ರಶ್ನೆಯ ಬಗ್ಗೆ ಮನೋವೈದ್ಯಶಾಸ್ತ್ರದಲ್ಲಿ ಆರು ದಶಕಗಳಿಗೂ ಹೆಚ್ಚು ಕಾಲದ ಅಧ್ಯಯನವಿದೆ, ಮತ್ತು ಅದು ನೇರವಾಗಿ ನಿಮ್ಮ ಅಪ್ಪ ಅಮ್ಮನ ನಡೆಗೇ ಸಂಬಂಧಿಸಿದ್ದು ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದವರ ಮುಂದಿನ ಸ್ಥಿತಿಯನ್ನು ಗಮನಿಸಿದರು. ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗಿಂತ ಒಡಹುಟ್ಟಿದವರ ಜೊತೆಗೋ ಬಾಡಿಗೆ ಕೋಣೆಗೋ ಹೋದವರ ಆರೋಗ್ಯ ಉತ್ತಮವಾಗಿ ಉಳಿದಿದ್ದುದು ಅವರಿಗೆ ಕಂಡಿತು. ಹತ್ತಿರದವರ ಪ್ರೀತಿ ಕೆಡುಕುಂಟುಮಾಡುತ್ತದೆಂದು ಇದರ ಅರ್ಥವಲ್ಲ. ಮುಂದಿನ ವರ್ಷಗಳಲ್ಲಿ ಮನೆಯವರ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಪರಿಶೀಲಿಸಿದಾಗ, ಕಾಯಿಲೆ ಮರುಕಳಿಸುವುದಕ್ಕೆ ಮುಖ್ಯವಾಗಿ ಸಂಬಂಧವಿದ್ದದ್ದು ಮೂರು ಸಂಗತಿಗಳಿಗೆ ಎಂದು ತಿಳಿಯಿತು: ಟೀಕೆ, ಹಗೆತನ, ಮತ್ತು ಅತಿಯಾದ ಭಾವನಾತ್ಮಕ ಒಳಗೊಳ್ಳುವಿಕೆ. ಇವುಗಳನ್ನು ಒಟ್ಟಾಗಿ ವೃತ್ತಿಯಲ್ಲಿರುವ ನಾವು "ಎಕ್ಸ್‌ಪ್ರೆಸ್ಡ್ ಇಮೋಷನ್" ಎಂದು ಕರೆಯುತ್ತೇವೆ. ಮೊದಲು ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ಧ್ವನಿ ಕೇಳಿಸುವಂಥ ಲಕ್ಷಣಗಳಿರುವ ತೀವ್ರ ಮಾನಸಿಕ ಕಾಯಿಲೆ) ಕುರಿತಾಗಿ ಬೆಳೆದ ಈ ವಿಚಾರವನ್ನು 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಖಿನ್ನತೆಯಿರುವವರಿಗೂ ಅನ್ವಯಿಸಿ ನೋಡಿದರು. 1998ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಮನೆಯವರ ಇಂಥ ನಡೆಗೂ ಮರುಕಳಿಕೆಗೂ ಇರುವ ನಂಟು ಸ್ಕಿಜೋಫ್ರೇನಿಯಾಗಿಂತ ಖಿನ್ನತೆಯಂಥ ಮನಃಸ್ಥಿತಿಯ ಕಾಯಿಲೆಗಳಲ್ಲೇ ಇನ್ನೂ ಬಲವಾಗಿ ಕಂಡುಬಂದಿತು.

ಅಪ್ಪನ ಮಾತು ಮೊದಲನೆಯ ಬಗೆಗೆ ಸೇರುತ್ತದೆ, ಅಮ್ಮನ ಕಾವಲು ಮೂರನೆಯದಕ್ಕೆ. ಎರಡಕ್ಕೂ ಮೂಲ ಭಯವೇ ಎಂಬುದನ್ನು ದಯವಿಟ್ಟು ಮರೆಯಬೇಡಿ. ಮಗ ಮನಸ್ಸು ಮಾಡಿದರೆ ಸರಿಹೋಗುತ್ತಾನೆ ಎಂದು ನಂಬುವ ತಂದೆಗೆ ಆ ನಂಬಿಕೆಯಲ್ಲಿ ಭರವಸೆಯೂ ಇರುತ್ತದೆ. ಇದು ಮನಸ್ಸು ಮಾಡಿದರೆ ಹೋಗುವಂಥದ್ದಲ್ಲ ಎಂದು ಒಪ್ಪಿಕೊಂಡರೆ ಆ ಭರವಸೆ ಕೈತಪ್ಪುತ್ತದೆಂಬ ದಿಗಿಲು ಒಳಗೆ ಕೆಲಸ ಮಾಡುತ್ತಿರುತ್ತದೆ. ಟೀಕಿಸುವ ಮನೆಯವರಲ್ಲಿ ಬಹುಮಂದಿ ಕಾಯಿಲೆಯ ಲಕ್ಷಣವನ್ನು ಸ್ವಭಾವವೆಂದು ತಿಳಿದಿರುತ್ತಾರೆ. ಹಾಸಿಗೆ ಬಿಟ್ಟು ಏಳದಿರುವುದು ಸೋಮಾರಿತನವೆಂದೂ, ಉತ್ತರಿಸದಿರುವುದು ಉದ್ಧಟತನವೆಂದೂ, ಮರೆವು ಅಲಕ್ಷ್ಯವೆಂದೂ ಅವರಿಗೆ ಕಾಣುತ್ತದೆ. ಆದ್ದರಿಂದ ಅಪ್ಪನಿಗೆ "ಹಾಗೆ ಮಾತನಾಡಬೇಡಿ" ಎಂದು ಹೇಳುವುದಕ್ಕಿಂತ, ನಿಧಾನಗತಿ, ನಿದ್ರಾಭಂಗ, ಏಕಾಗ್ರತೆಯ ಕೊರತೆ, ತಾನು ಹೊರೆಯೆಂಬ ಭಾವನೆ ಇವೆಲ್ಲವೂ ಖಿನ್ನತೆಯ ಲಕ್ಷಣಗಳೆಂದು ವೈದ್ಯರ ಬಾಯಿಂದಲೇ ತಿಳಿಯುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಮುಂದಿನ ಭೇಟಿಗೆ, ತಮ್ಮನ ಒಪ್ಪಿಗೆ ಪಡೆದು, ಅಪ್ಪನನ್ನೂ ಕರೆದುಕೊಂಡು ಹೋಗಿ. ಮಗಳು ಹೇಳಿದರೆ ವಾದವಾಗುವ ಮಾತನ್ನು ವೈದ್ಯರು ಹೇಳಿದರೆ ಮಾಹಿತಿಯಾಗಿ ಸ್ವೀಕರಿಸುವ ತಂದೆಯರನ್ನು ನಾನು ಬಹಳ ನೋಡಿದ್ದೇನೆ.

ಅಮ್ಮನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅವರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವ ಬದಲು ಅದರ ರೂಪವನ್ನು ಬದಲಾಯಿಸಬೇಕು. ಮಾತ್ರೆಯನ್ನು ಬಾಯಿಗೆ ಕೊಡುವ ಬದಲು ವಾರದ ದಿನಗಳನ್ನು ಗುರುತಿಸಿದ ಡಬ್ಬಿಯಲ್ಲಿ ಜೋಡಿಸಿಕೊಡಬಹುದು, ತೆಗೆದುಕೊಳ್ಳುವವನು ಅವನಾಗಿರಲಿ. ದಿನವಿಡೀ "ಹೇಗಿದ್ದೀಯ" ಎಂದು ಕೇಳುವ ಬದಲು ದಿನಕ್ಕೊಂದು ಗೊತ್ತಾದ ಹೊತ್ತಿನಲ್ಲಿ ಜೊತೆಗೆ ಕೂತು ಕೇಳಬಹುದು. ಅಷ್ಟೂ ಕೆಲಸವನ್ನು ಬೇರೆಯವರು ಮಾಡುತ್ತಿದ್ದರೆ, ತನ್ನಿಂದ ಏನೂ ಆಗದೆಂಬ ಖಿನ್ನತೆಯ ವಾದಕ್ಕೆ ಮನೆಯೇ ಸಾಕ್ಷಿ ನುಡಿದಂತಾಗುತ್ತದೆ.

ನೀವು ಮೂವರೂ ಮೊದಲು ನಿಮ್ಮೊಳಗೇ ಮಾತನಾಡಿಕೊಂಡು, ಯಾರು ಯಾವುದನ್ನು ನೋಡಿಕೊಳ್ಳುತ್ತೀರಿ ಎಂದು ಗೊತ್ತುಪಡಿಸಿಕೊಳ್ಳಿ. ವೈದ್ಯರ ಭೇಟಿಯ ಜವಾಬ್ದಾರಿ ಒಬ್ಬರದು, ಔಷಧದ್ದು ಒಬ್ಬರದು, ಅವನೊಂದಿಗೆ ಹೊರಗೆ ನಡೆಯಲು ಹೋಗುವುದು ಒಬ್ಬರದು ಎಂದು ಹಂಚಿಕೊಂಡರೆ ಒಂದೇ ಪ್ರಶ್ನೆಯನ್ನು ಮೂವರೂ ಅವನಿಗೆ ಕೇಳುವುದು ತಪ್ಪುತ್ತದೆ. ಆ ನಂತರ ನಾಲ್ವರೂ ಕೂತು ಅದನ್ನು ಅವನ ಮುಂದಿಟ್ಟು ಅವನ ಅಭಿಪ್ರಾಯ ಕೇಳಿ.

ಉತ್ತರ: ಚೇತರಿಕೆಯ ಹಾದಿ

ನಾನು ಚಿಕಿತ್ಸೆ ಪಡೆದವನು. ಮೇಲಿನ ಉತ್ತರವನ್ನು ಕೊನೆಯ ಮಾತೊಂದನ್ನು ಬಿಟ್ಟು ಪೂರ್ತಿಯಾಗಿ ಒಪ್ಪುತ್ತೇನೆ. ಕಾಯಿಲೆ ತೀವ್ರವಾಗಿರುವಾಗ ಮೂವರು ಎದುರಿಗೆ ಕೂತು "ನಿನ್ನ ಅಭಿಪ್ರಾಯ ಹೇಳು" ಎಂದರೆ, ಅದು ಎಷ್ಟೇ ಪ್ರೀತಿಯಿಂದ ಕೂಡಿದ್ದರೂ ವಿಚಾರಣೆಯಂತೆ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ತಲೆ ನಿಧಾನವಾಗಿ ಓಡುತ್ತಿರುತ್ತದೆ, ಉತ್ತರ ಹೊಳೆಯುವುದಿಲ್ಲ, ಹೊಳೆಯದಿರುವುದಕ್ಕೆ ನಾಚಿಕೆಯೂ ಆಗುತ್ತದೆ. ನನ್ನ ಸಲಹೆಯೆಂದರೆ, ಆ ಮಾತನ್ನು ಅವನಿಗೆ ಹೆಚ್ಚು ಸಲಿಗೆಯಿರುವ ಒಬ್ಬರು, ಬಹುಶಃ ನೀವೇ, ಎದುರಿಗೆ ಕೂತಲ್ಲ, ಪಕ್ಕದಲ್ಲಿ ನಡೆಯುತ್ತಾ ಆಡಲಿ. ಮುಖ ನೋಡಬೇಕಾದ ಒತ್ತಡವಿಲ್ಲದಾಗ ಮಾತು ಸುಲಭವಾಗಿ ಹೊರಡುತ್ತದೆ.

ಹೊತ್ತಿನ ಬಗ್ಗೆಯೂ ಒಂದು ಮಾತು. ನಿಮ್ಮ ತಮ್ಮ ಬೆಳಗಿನ ಜಾವ ಎಚ್ಚರಗೊಳ್ಳುತ್ತಾನೆಂದು ಬರೆದಿದ್ದೀರಿ. ಅಂಥವರಲ್ಲಿ ಅನೇಕರಿಗೆ ಬೆಳಗಿನ ಹೊತ್ತೇ ಅತ್ಯಂತ ಭಾರವಾಗಿರುತ್ತದೆ. ಸಂಜೆಯ ವೇಳೆಗೆ ತುಸು ಹಗುರಾಗುತ್ತದೆ. ಸಂಜೆ ಎರಡು ಮಾತನಾಡಿದವನು ಮರುದಿನ ಬೆಳಿಗ್ಗೆ ಮತ್ತೆ ಮೂಕನಾದರೆ, "ನಿನ್ನೆ ಸರಿಯಿದ್ದೆಯಲ್ಲ" ಎಂದು ಕೇಳಬೇಡಿ. ಮುಖ್ಯವಾದ ಯಾವ ನಿರ್ಧಾರದ ಮಾತನ್ನೂ ಬೆಳಿಗ್ಗೆ ಎತ್ತಬೇಡಿ.

ಮನೆಯವರು ತಿಳಿಯದೆ ಹೊರಿಸುವ ಇನ್ನೊಂದು ಭಾರವೆಂದರೆ ಆಯ್ಕೆಯ ಭಾರ. "ನಿನಗೆ ಏನು ಮಾಡಿದರೆ ಒಳ್ಳೆಯದೆನ್ನಿಸುತ್ತದೆ, ಹೇಳು, ಅದನ್ನೇ ಮಾಡೋಣ" ಎಂಬುದು ಕೇಳುವವರಿಗೆ ಉದಾರವಾದ ಮಾತು. ಉತ್ತರಿಸಬೇಕಾದವನಿಗೆ ಎಲ್ಲೂ ತುದಿ ಸಿಗದ ಪ್ರಶ್ನೆ. ಏಕೆಂದರೆ ಯಾವುದು ಮಾಡಿದರೂ ಒಳ್ಳೆಯದೆನ್ನಿಸದೆ ಇರುವುದೇ ಅವನ ಕಾಯಿಲೆ. "ನಾನು ಹತ್ತು ನಿಮಿಷ ನಡೆದು ಬರುತ್ತೇನೆ, ಜೊತೆಗೆ ಬರುತ್ತೀಯಾ, ಅಥವಾ ಸಂಜೆ ಹೋಗೋಣವೇ" ಎಂದು ಎರಡೇ ದಾರಿಗಳನ್ನು ಮುಂದಿಡಿ. ಬೇಡವೆಂದರೆ ಮುಖ ಸಣ್ಣ ಮಾಡಿಕೊಳ್ಳದೆ ನಾಳೆ ಮತ್ತೆ ಕೇಳಿ. ಮನಸ್ಸು ಬಂದ ಮೇಲೆ ಕೆಲಸ ಮಾಡೋಣವೆಂದು ಕಾಯುವುದು ಖಿನ್ನತೆಯಲ್ಲಿ ಸಾಧ್ಯವಾಗುವುದಿಲ್ಲ. ಸಣ್ಣ ಕೆಲಸ ಮೊದಲು ಆಗಬೇಕು, ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಇದನ್ನೇ ಆಧಾರವಾಗಿಟ್ಟುಕೊಂಡ "ಬಿಹೇವಿಯರಲ್ ಆಕ್ಟಿವೇಷನ್" ಎಂಬ ಚಿಕಿತ್ಸಾಕ್ರಮ 1970ರ ದಶಕದಿಂದ ಬೆಳೆದು ಬಂದಿದ್ದು, ನನ್ನ ಆಪ್ತಸಮಾಲೋಚಕರು ನನಗೆ ಹೇಳಿಕೊಟ್ಟದ್ದೂ ಅದನ್ನೇ. ಸ್ನಾನ ಮಾಡುವುದು, ಕಿಟಕಿ ತೆರೆಯುವುದು, ಒಂದು ಬಟ್ಟೆ ಮಡಿಸುವುದು ಇಷ್ಟೇ ಸಾಕು. ಮಾಡಿದಾಗ ದೊಡ್ಡದಾಗಿ ಹೊಗಳಬೇಡಿ. ಸ್ನಾನ ಮಾಡಿದ್ದಕ್ಕೆ ಚಪ್ಪಾಳೆ ಬಿದ್ದರೆ ತಾನು ಎಷ್ಟು ಕೆಳಗಿಳಿದಿದ್ದೇನೆ ಎಂಬುದೇ ಎದ್ದು ಕಾಣುತ್ತದೆ.

ಇನ್ನು, ಅವನೊಂದಿಗೆ ಕಾಯಿಲೆಯ ಹೊರತಾದ ಮಾತನ್ನೂ ಆಡಿ. ಅವನು ಕೇಳಿಸಿಕೊಳ್ಳುವ ದೂರದಲ್ಲಿರುವಾಗ ಅವನ ಬಗ್ಗೆ "ಇವತ್ತು ಅವನು ಹೇಗಿದ್ದಾನೆ" ಎಂದು ನಿಮ್ಮನಿಮ್ಮೊಳಗೆ ಮಾತನಾಡಿಕೊಳ್ಳಬೇಡಿ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಪಿಸುಮಾತು.

"ನನ್ನಿಂದ ನಿಮಗೆಲ್ಲ ತೊಂದರೆ" ಎಂದಾಗ "ಹಾಗೆಲ್ಲ ಹೇಳಬೇಡ" ಎಂದು ಬಾಯಿ ಮುಚ್ಚಿಸುವುದು ಎಲ್ಲರಿಗೂ ಸಹಜವಾಗಿ ಬರುತ್ತದೆ. ಅದರ ಬದಲು "ಹಾಗನ್ನಿಸುವುದು ಎಷ್ಟು ಕಷ್ಟವೋ ಏನೋ. ನನಗೆ ಹಾಗೆ ಅನ್ನಿಸಿಲ್ಲ. ಯಾವಾಗ ಹೆಚ್ಚು ಹಾಗನ್ನಿಸುತ್ತದೆ?" ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ.

ಹಿರಿಯಕ್ಕ

ಇಬ್ಬರಿಗೂ ಮನಸಾರೆ ವಂದನೆಗಳು. ಪಿಸುಮಾತಿನ ವಿಚಾರವನ್ನು ಇಂದೇ ಅಮ್ಮನೊಂದಿಗೆ ಮಾತನಾಡುತ್ತೇನೆ.

ಕೇಳಲು ಹಿಂಜರಿಯುತ್ತಿದ್ದ ಒಂದು ಪ್ರಶ್ನೆಯಿದೆ. ಅಮ್ಮ ರಾತ್ರಿ ಎದ್ದೆದ್ದು ನೋಡುವುದು ಏಕೆಂದು ನಮಗೆಲ್ಲರಿಗೂ ಗೊತ್ತು, ಆದರೆ ಯಾರೂ ಆ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ಅವನಿಗೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನಾವೇ ಕೇಳಬಹುದೇ? ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಅಪ್ಪ ಹೆದರುತ್ತಾರೆ. ಜೊತೆಗೆ, ವೈದ್ಯರು ಅವನ ವಿಷಯವನ್ನು ನಮಗೆ ಹೇಳುವುದಿಲ್ಲವೆಂದೂ ಅಮ್ಮನಿಗೆ ಬೇಸರವಿದೆ.

ಉತ್ತರ: ಮನೋವೈದ್ಯೆ

ಕೇಳಬಹುದು, ಕೇಳಲೇಬೇಕು. ನಿಮ್ಮ ತಂದೆಯವರ ಭಯ ಬಹಳ ವ್ಯಾಪಕವಾದದ್ದು, ಆದರೆ ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಆತ್ಮಹತ್ಯೆಯ ಬಗ್ಗೆ ನೇರವಾಗಿ, ಕಾಳಜಿಯಿಂದ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಈಗಾಗಲೇ ಇರುವವರಿಗೆ ಹೇಳಿಕೊಳ್ಳಲು ಒಂದು ಅವಕಾಶ ಸಿಕ್ಕು ಎಷ್ಟೋ ಬಾರಿ ಹಗುರವಾಗುತ್ತದೆ.

ಸುತ್ತುಬಳಸದೆ ಕೇಳಿ. "ನೀನೇನೂ ಅಂಥ ಯೋಚನೆ ಮಾಡುತ್ತಿಲ್ಲ ತಾನೆ?" ಎಂಬ ಪ್ರಶ್ನೆಗೆ "ಇಲ್ಲ" ಎಂಬ ಉತ್ತರವನ್ನು ಕೇಳುವವರೇ ಬಯಸುತ್ತಿರುತ್ತಾರೆ, ಆದ್ದರಿಂದ ಅದೇ ಉತ್ತರ ಬರುತ್ತದೆ. "ಇಷ್ಟು ನೋವಿನಲ್ಲಿರುವವರಿಗೆ ಕೆಲವೊಮ್ಮೆ ಬದುಕುವುದೇ ಬೇಡವೆನ್ನಿಸುತ್ತದೆ. ನಿನಗೆ ಸಾಯುವ ಯೋಚನೆ ಬರುತ್ತಿದೆಯೇ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಹೌದೆಂದರೆ ಗಾಬರಿಗೊಳ್ಳಬೇಡಿ, ಅಳಬೇಡಿ, ನಮ್ಮ ಗತಿಯೇನೆಂದು ಪ್ರಶ್ನಿಸಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಹೇಳಿದ್ದು ಒಳ್ಳೆಯದಾಯಿತೆಂದು ತಿಳಿಸಿ, ಮುಂದಿನ ಪ್ರಶ್ನೆಗಳನ್ನೂ ಶಾಂತವಾಗಿ ಕೇಳಿ: ಯೋಚನೆ ಎಷ್ಟು ಬಾರಿ ಬರುತ್ತದೆ, ಹೇಗೆಂದು ಯೋಚಿಸಿದ್ದಾನೆಯೇ, ಯಾವಾಗೆಂದು ನಿರ್ಧರಿಸಿದ್ದಾನೆಯೇ, ಅದಕ್ಕೆ ಏನಾದರೂ ಸಿದ್ಧತೆ ಮಾಡಿಕೊಂಡಿದ್ದಾನೆಯೇ, ಹಿಂದೆ ಎಂದಾದರೂ ಪ್ರಯತ್ನಿಸಿದ್ದನೇ. ಬದುಕು ಬೇಡವೆಂದು ಆಗಾಗ ಅನ್ನಿಸುವುದಕ್ಕೂ, ನಿರ್ದಿಷ್ಟ ಯೋಜನೆ ಇರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಬೇಗನೆ ವೈದ್ಯರಿಗೆ ತಿಳಿಸಬೇಕು. ಎರಡನೆಯದು ತುರ್ತುಸ್ಥಿತಿ: ಅವನನ್ನು ಒಂಟಿಯಾಗಿ ಬಿಡದೆ, ಅದೇ ದಿನ, ಅದೇ ಗಂಟೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. "ಯಾರಿಗೂ ಹೇಳಬೇಡ" ಎಂದು ಅವನು ಬೇಡಿಕೊಂಡರೂ ಈ ಗುಟ್ಟನ್ನು ಕಾಯುವ ಮಾತು ಕೊಡಬೇಡಿ.

ಕೇಳದೆಯೂ ಕಣ್ಣಿಗೆ ಬೀಳುವ ಕೆಲವು ಸೂಚನೆಗಳಿವೆ. ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ವಿದಾಯ ಹೇಳುವಂಥ ಮಾತು ಅಥವಾ ಸಂದೇಶ, ಕುಡಿತ ಹೆಚ್ಚುವುದು, ತೀವ್ರ ಚಡಪಡಿಕೆಯ ನಂತರ ಕಾರಣವಿಲ್ಲದೆ ಒಮ್ಮೆಲೇ ಪ್ರಶಾಂತನಾಗುವುದು. ಕೊನೆಯದನ್ನು ಮನೆಯವರು ಚೇತರಿಕೆಯೆಂದು ಭಾವಿಸಿ ನಿಟ್ಟುಸಿರು ಬಿಡುವುದುಂಟು, ಅದಕ್ಕಾಗಿ ವಿಶೇಷವಾಗಿ ಹೇಳುತ್ತಿದ್ದೇನೆ.

ಚಿಕಿತ್ಸೆಯ ಮೊದಲ ವಾರಗಳು ನಿಮ್ಮ ಮನೆಗೆ ಇನ್ನೊಂದು ಕಾರಣಕ್ಕೂ ಮುಖ್ಯವಾದವು. ಖಿನ್ನತೆ ನಿವಾರಕ ಮಾತ್ರೆಗಳ ಪೂರ್ಣ ಪರಿಣಾಮ ಕಾಣಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ. ಹೊಟ್ಟೆ ತೊಳಸುವುದು, ತಲೆನೋವು, ನಿದ್ರೆಯ ಏರುಪೇರು ಮೊದಲಾದ ಅಡ್ಡಪರಿಣಾಮಗಳು ಮಾತ್ರ ಮೊದಲ ವಾರದಲ್ಲೇ ಬರುತ್ತವೆ. ಒಳ್ಳೆಯದು ತಡವಾಗಿ, ತೊಂದರೆ ಮೊದಲಾಗಿ ಬರುವುದರಿಂದಲೇ ಅನೇಕರು ಅರ್ಧಕ್ಕೆ ನಿಲ್ಲಿಸುತ್ತಾರೆ. ಅಲ್ಲದೆ, 25 ವರ್ಷಕ್ಕಿಂತ ಕಿರಿಯರಲ್ಲಿ ಔಷಧ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ದಿನಗಳಲ್ಲಿ ಕೆಲವರಿಗೆ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಎಚ್ಚರಿಕೆ ನೀಡಿ, 2007ರಲ್ಲಿ ಅದನ್ನು 24 ವರ್ಷದವರೆಗಿನವರಿಗೆ ವಿಸ್ತರಿಸಿತು. ಔಷಧ ಬೇಡವೆಂಬುದು ಇದರ ಅರ್ಥವಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆಯೇ ದೊಡ್ಡ ಅಪಾಯ. ಈ ಅವಧಿಯಲ್ಲಿ ಹೊಸದಾಗಿ ಚಡಪಡಿಕೆ, ಸಿಡುಕು, ನಿದ್ರೆಯೇ ಬಾರದಿರುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ.

ಮನೆಯಲ್ಲಿರುವ ಎಲ್ಲರ ಔಷಧಗಳನ್ನೂ, ಅಪಾಯಕಾರಿಯಾದ ಇತರ ವಸ್ತುಗಳನ್ನೂ ಸದ್ಯಕ್ಕೆ ಅವನ ಕೈಗೆ ಸುಲಭವಾಗಿ ಸಿಗದಂತೆ ಒಬ್ಬರ ವಶದಲ್ಲಿಡಿ. ಸಮಾಜಕಾರ್ಯಕರ್ತೆಯವರು ಹೇಳಿದ ವಾರದ ಡಬ್ಬಿ ಒಳ್ಳೆಯ ಉಪಾಯ; ಆದರೆ ಮೇಲಿನ ಪ್ರಶ್ನೆಗೆ ಉತ್ತರ ಸಿಗುವವರೆಗೆ ವಾರದ ಬದಲು ಒಂದೆರಡು ದಿನಗಳಷ್ಟನ್ನೇ ಅದರಲ್ಲಿಡಿ. ಬಿಕ್ಕಟ್ಟಿನ ತೀವ್ರ ಗಳಿಗೆ ಬಹುಮಂದಿಗೆ ಅಲ್ಪಾವಧಿಯದು. ಆ ಅವಧಿಯಲ್ಲಿ ಕೈಗೆ ಏನೂ ಸಿಗದಿರುವುದೇ ಜೀವ ಉಳಿಸುತ್ತದೆ. ಇದನ್ನು ಕದ್ದುಮುಚ್ಚಿ ಮಾಡಬೇಕಿಲ್ಲ, ಕಾರಣ ತಿಳಿಸಿಯೇ ಮಾಡಬಹುದು.

ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ "ಸುರಕ್ಷತಾ ಯೋಜನೆ" ಎಂಬ ಒಂದು ಪುಟದ ಬರಹವಿದೆ. ತನ್ನ ಸ್ಥಿತಿ ಕೆಡುತ್ತಿರುವ ಸೂಚನೆಗಳು, ಆಗ ತಾನೇ ಮಾಡಿಕೊಳ್ಳಬಹುದಾದದ್ದು, ಮನಸ್ಸನ್ನು ಬೇರೆಡೆಗೆ ಸೆಳೆಯುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೈದ್ಯರ ಹಾಗೂ ತುರ್ತು ಸೇವೆಯ ಸಂಖ್ಯೆಗಳು, ಮನೆಯನ್ನು ಸುರಕ್ಷಿತವಾಗಿಡುವ ಕ್ರಮ ಇವಿಷ್ಟನ್ನು ವ್ಯಕ್ತಿ ತನ್ನದೇ ಮಾತುಗಳಲ್ಲಿ, ಚಿಕಿತ್ಸಕರ ನೆರವಿನಿಂದ ಬರೆದಿಟ್ಟುಕೊಳ್ಳುತ್ತಾನೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಯೋಜನೆಯ ಜೊತೆಗೆ ಸಿಬ್ಬಂದಿ ಫೋನಿನ ಮೂಲಕವೂ ವಿಚಾರಿಸಿಕೊಂಡ ರೋಗಿಗಳಲ್ಲಿ, ಮಾಮೂಲಿ ಆರೈಕೆ ಪಡೆದವರಿಗಿಂತ, ಮುಂದಿನ ಆರು ತಿಂಗಳ ಆತ್ಮಹತ್ಯಾ ವರ್ತನೆ ಸುಮಾರು ಶೇ. 45ರಷ್ಟು ಕಡಿಮೆಯಿತ್ತು. ನಿಮ್ಮ ವೈದ್ಯರನ್ನು ಈ ಬಗ್ಗೆ ಕೇಳಿ. ರಾತ್ರಿಯೆಲ್ಲ ಬಾಗಿಲು ತೆರೆದು ನೋಡುವ ಅಮ್ಮನಿಗೆ, ಆ ಪುಟದಲ್ಲಿ ತನ್ನ ಹೆಸರೂ ಇದೆಯೆಂದು ತಿಳಿಯುವುದು ದೊಡ್ಡ ಸಮಾಧಾನವಾಗಬಲ್ಲದು.

ವೈದ್ಯರ ಮೌನದ ಬಗ್ಗೆ: ವಯಸ್ಕನಾದ ರೋಗಿಯ ಮಾತನ್ನು ಅವನ ಒಪ್ಪಿಗೆಯಿಲ್ಲದೆ ನಾವು ಹೊರಗೆ ಹೇಳುವಂತಿಲ್ಲ, ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಆದರೆ ನಾವು ಹೇಳುವಂತಿಲ್ಲವೆಂದ ಮಾತ್ರಕ್ಕೆ ನೀವು ಹೇಳುವುದನ್ನು ಕೇಳುವಂತಿಲ್ಲವೆಂದಲ್ಲ. ಮನೆಯಲ್ಲಿ ನೀವು ಗಮನಿಸಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ವೈದ್ಯರಿಗೆ ತಲುಪಿಸಬಹುದು, ಮತ್ತು ಹಾಗೆ ಮಾಡುತ್ತಿರುವುದನ್ನು ತಮ್ಮನಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಉತ್ತರ: ಸಹಧರ್ಮಿಣಿ

ನನ್ನ ಯಜಮಾನರಿಗೆ ಬಹಳ ವರ್ಷಗಳಿಂದ ಮರುಕಳಿಸುವ ಖಿನ್ನತೆಯಿದೆ. ಮೇಲಿನವರು ಹೇಳಿದ್ದೆಲ್ಲವೂ ನಿಮ್ಮ ತಮ್ಮನ ಬಗ್ಗೆ. ನಾನು ನಿಮ್ಮ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಮೊದಲ ಬರಹದಲ್ಲಿ "ದಣಿದಿದ್ದೇನೆ" ಎಂಬ ಮಾತು ಒಂದೇ ಸಲ ಬಂದು ಹೋಗಿದೆ.

ನಿಮ್ಮ ಅಮ್ಮ ಹೀಗೆಯೇ ನಿದ್ರೆಗೆಟ್ಟರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ನಿದ್ರೆ, ತಮ್ಮ ಸ್ವಂತ ವೈದ್ಯರ ಭೇಟಿ, ಗೆಳತಿಯರೊಂದಿಗಿನ ಮಾತು ಇವನ್ನು ಬಿಟ್ಟುಬಿಡುವುದು ತ್ಯಾಗದಂತೆ ಕಂಡರೂ, ಅದು ಕೊನೆಗೆ ಅವನ ಮೇಲೆಯೇ ಅಪರಾಧಿ ಭಾವವಾಗಿ ಬೀಳುತ್ತದೆ. ರಾತ್ರಿ ಅವನ ಮೇಲೆ ನಿಗಾ ಇಡುವ ಅಗತ್ಯವಿದೆಯೇ ಎಂದು ವೈದ್ಯರನ್ನೇ ಸ್ಪಷ್ಟವಾಗಿ ಕೇಳಿ. ಇದೆಯೆಂದರೆ ಮೂವರೂ ಸರದಿಯಂತೆ ಹಂಚಿಕೊಳ್ಳಿ, ಇಲ್ಲವೆಂದರೆ ಅಮ್ಮ ಮಲಗಲಿ.

ಟೀಕೆ ಬೇಡವೆಂಬುದನ್ನು ನಾನು ಒಪ್ಪುತ್ತೇನೆ, ಆದರೆ ಅದರಿಂದ ಮನೆಯವರು ಏನನ್ನೂ ಹೇಳಬಾರದೆಂಬ ಅರ್ಥ ಬಂದರೆ ಅದು ಹೆಚ್ಚು ಕಾಲ ನಡೆಯದು. ಅವನು ಸಿಡುಕಿ ಅಮ್ಮನ ಮನಸ್ಸು ನೋಯಿಸಿದರೆ, "ನೀನು ಯಾವಾಗಲೂ ಹೀಗೆಯೇ" ಎನ್ನದೆ, "ನೀನು ಹಾಗೆ ಕೂಗಿದಾಗ ನನಗೆ ನೋವಾಯಿತು. ಸ್ವಲ್ಪ ಹೊತ್ತು ಬಿಟ್ಟು ಮಾತನಾಡೋಣ" ಎಂದು ಹೇಳಿ. ಒಂದು ವರ್ತನೆಯ ಬಗ್ಗೆ, ಒಂದು ಸಲ, ಮೆಲುದನಿಯಲ್ಲಿ ಹೇಳುವುದು ಟೀಕೆಯಲ್ಲ. ಅವನನ್ನು ಮನೆಯ ಸದಸ್ಯನೆಂದು ಗೌರವಿಸುವುದೂ ಅದೇ.

ನೆಂಟರಿಗೆ ಹೇಳಬೇಕೆ ಎಂಬ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಯಾರಿಗೆ, ಎಷ್ಟು, ಯಾವ ಮಾತುಗಳಲ್ಲಿ ಹೇಳಬೇಕೆಂಬುದನ್ನು ಅವನೇ ತೀರ್ಮಾನಿಸಲಿ. ನಮ್ಮ ಮನೆಯಲ್ಲಿ "ಆರೋಗ್ಯ ಸರಿಯಿಲ್ಲ, ಚಿಕಿತ್ಸೆ ನಡೆಯುತ್ತಿದೆ, ವಿಚಾರಿಸಿದ್ದಕ್ಕೆ ಸಂತೋಷ" ಎಂಬ ಒಂದೇ ವಾಕ್ಯವನ್ನು ಎಲ್ಲರೂ ಹೇಳುತ್ತೇವೆ. ಆದರೆ ನಿಮಗೆ ಮಾತ್ರ ಯಾರಾದರೂ ಒಬ್ಬರು, ಪೂರ್ತಿ ವಿಷಯ ತಿಳಿದವರು, ಮನೆಯ ಹೊರಗೆ ಇರಲೇಬೇಕು. ಆರೈಕೆದಾರರ ಗುಂಪುಗಳು ಅನೇಕ ಆಸ್ಪತ್ರೆಗಳಲ್ಲಿ ಇರುತ್ತವೆ. ಅಲ್ಲಿಗೆ ಅಪ್ಪನನ್ನು ಕಳುಹಿಸಲು ಸಾಧ್ಯವಾದರೆ ಇನ್ನೂ ಉತ್ತಮ, ಇನ್ನೊಬ್ಬ ತಂದೆಯ ಮಾತು ಅವರಿಗೆ ತಟ್ಟಬಹುದು.

ಹಿರಿಯಕ್ಕ

ನಿಮ್ಮೆಲ್ಲರ ಉತ್ತರಗಳನ್ನು ಅಪ್ಪ ಅಮ್ಮನಿಗೆ ಓದಿ ಹೇಳಿದೆ. ಅಪ್ಪ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, ಮುಂದಿನ ಭೇಟಿಗೆ ತಾವೂ ಬರುತ್ತೇವೆಂದರು. ತಮ್ಮನೂ ಅದಕ್ಕೆ ಒಪ್ಪಿದ್ದಾನೆ. ಅವನೊಂದಿಗೆ ನಡೆಯುತ್ತಾ, ಮನೋವೈದ್ಯೆಯವರು ಹೇಳಿದ ಮಾತುಗಳಲ್ಲೇ ಆ ಪ್ರಶ್ನೆಯನ್ನೂ ಕೇಳಿದೆ. ಬದುಕು ಬೇಡವೆಂಬ ಯೋಚನೆ ಬರುತ್ತಿತ್ತು, ಏನನ್ನೂ ಯೋಜಿಸಿಲ್ಲ ಎಂದ; ನಾನೇ ವೈದ್ಯರಿಗೆ ತಿಳಿಸಲು ಅವನ ಒಪ್ಪಿಗೆ ಪಡೆದು, ಅಂದೇ ಕರೆ ಮಾಡಿದೆ. ಭೇಟಿಯ ದಿನವನ್ನು ಅವರು ಹತ್ತಿರಕ್ಕೆ ತಂದಿದ್ದಾರೆ, ಅಲ್ಲಿಯವರೆಗೆ ರಾತ್ರಿ ಸರದಿಯಂತೆ ಜೊತೆಗಿರಲು ಹೇಳಿದ್ದಾರೆ.

ಕೊನೆಯದಾಗಿ ಒಂದು ಪ್ರಶ್ನೆ. ಅವನು ಚೇತರಿಸಿಕೊಂಡ ಮೇಲೆ ನಾವು ಎಲ್ಲಿಯವರೆಗೆ ಎಚ್ಚರದಿಂದಿರಬೇಕು?

ಉತ್ತರ: ಮನೋವೈದ್ಯೆ

ನೀವು ಸರಿಯಾದ ಹೊತ್ತಿನಲ್ಲಿ ಸರಿಯಾದ ಕೆಲಸ ಮಾಡಿದ್ದೀರಿ.

ಲಕ್ಷಣಗಳು ಪೂರ್ತಿಯಾಗಿ ಹೋದ ಮೇಲೂ ಕನಿಷ್ಠ 6 ತಿಂಗಳು ಅದೇ ಪ್ರಮಾಣದಲ್ಲಿ ಔಷಧ ಮುಂದುವರಿಸಲು ಸಾಮಾನ್ಯವಾಗಿ ಹೇಳುತ್ತೇವೆ. ಹಿಂದೆ ಮರುಕಳಿಸಿದ್ದರೆ ಇನ್ನೂ ಹೆಚ್ಚು ಕಾಲ. ಈಗ ಚೆನ್ನಾಗಿದ್ದಾನೆಂದು ಮನೆಯವರೇ ನಿಲ್ಲಿಸಿಬಿಡುವುದು ಮರುಕಳಿಕೆಗೆ ದಾರಿ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ರೆಗೆಡುವುದು ಕಾಣಿಸಿಕೊಳ್ಳಬಹುದಾದ್ದರಿಂದ, ನಿಲ್ಲಿಸುವ ಕಾಲ ಬಂದಾಗಲೂ ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ಕಡಿಮೆ ಮಾಡುತ್ತೇವೆ.

ಎಚ್ಚರದ ವಿಷಯದಲ್ಲಿ, ಅವನು ಚೆನ್ನಾಗಿರುವಾಗಲೇ ಅವನನ್ನು ಕೇಳಿ, ಈ ಸಲ ಕಾಯಿಲೆ ಶುರುವಾದಾಗ ಎಲ್ಲಕ್ಕಿಂತ ಮೊದಲು ಬದಲಾದದ್ದು ಏನೆಂದು ಬರೆಸಿಕೊಳ್ಳಿ. ಒಬ್ಬರಿಗೆ ಅದು ನಿದ್ರೆ, ಇನ್ನೊಬ್ಬರಿಗೆ ಗೆಳೆಯರ ಕರೆ ಸ್ವೀಕರಿಸದಿರುವುದು, ಮತ್ತೊಬ್ಬರಿಗೆ ಸ್ನಾನ ತಪ್ಪಿಸುವುದು. ಅಂಥ ಎರಡು ಮೂರು ಗುರುತುಗಳು ಒಂದು ವಾರಕ್ಕೂ ಮೀರಿ ಉಳಿದರೆ ಯಾರು ಅವನಿಗೆ ಹೇಳಬೇಕು, ಹೇಗೆ ಹೇಳಿದರೆ ಅವನಿಗೆ ಸಿಟ್ಟು ಬರುವುದಿಲ್ಲ, ಆಗ ವೈದ್ಯರಿಗೆ ಕರೆ ಮಾಡುವವರು ಯಾರು ಎಂಬುದನ್ನು ಅವನೇ ಗೊತ್ತುಮಾಡಲಿ. ಅಷ್ಟನ್ನು ಬಿಟ್ಟು ಉಳಿದ ದಿನಗಳಲ್ಲಿ ಅವನಿಗೆ ಬೇಸರವಾಗಲು, ಸಿಟ್ಟು ಬರಲು, ತಡವಾಗಿ ಏಳಲು ಎಲ್ಲರಂತೆ ಅವಕಾಶವಿರಲಿ. ಪ್ರತಿಯೊಂದು ಬೇಸರವನ್ನೂ ಕಾಯಿಲೆಯೆಂದು ಅಳೆಯಬೇಡಿ.